ಚೌರಪ್ಪ ಬೇಡವೆಂದ ಮಾತ್ರೆ

2019ರ ಮಾರ್ಚ್‌ನಲ್ಲಿ ನಾನು ರಾಮನಗರದ ಉಪಶಮನ ಆರೈಕೆ ಘಟಕವೊಂದರಲ್ಲಿ ಮನೆಭೇಟಿಯ ನರ್ಸ್ ಆಗಿದ್ದೆ. ಗುಣವಾಗದ ಕಾಯಿಲೆಯವರ ನೋವು, ವಾಂತಿ, ಹುಣ್ಣುಗಳನ್ನು ಹತೋಟಿಗೆ ತರುವುದೇ ಈ ಆರೈಕೆಯ ಕೆಲಸ. ನಮಗಿದ್ದದ್ದು ಒಂದೇ ವ್ಯಾನು. ಸೋಮವಾರ ಮಾಗಡಿ, ಮಂಗಳವಾರ ಚನ್ನಪಟ್ಟಣ, ಬುಧವಾರ ರಾಮನಗರ ಮತ್ತು ಬಿಡದಿ, ಗುರುವಾರ ಕನಕಪುರ. ಹೆಚ್ಚಿನ ಮನೆಗಳಲ್ಲಿ ನಮ್ಮ ದಾರಿ ಕಾಯುತ್ತಿದ್ದರು. ನನ್ನನ್ನು ವಾಪಸ್ ಕಳಿಸಲೆಂದೇ ಹಟ ಹಿಡಿದ ಮನೆ ಒಂದೇ. ಅದು ಕನಕಪುರ ತಾಲ್ಲೂಕಿನ ಕ್ರೈಸ್ತ ಹಳ್ಳಿಯೊಂದರ ಚೌರಪ್ಪನವರದು.

ಚೌರಪ್ಪನವರಿಗೆ ಅರವತ್ತೆರಡು ವರ್ಷ. ಲೈನ್‌ಮನ್ ಆಗಿ ನಿವೃತ್ತರಾದವರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿ, ಬೆಂಗಳೂರಿನ ಆಸ್ಪತ್ರೆಯವರು ಇನ್ನು ಚಿಕಿತ್ಸೆ ಇಲ್ಲವೆಂದು ಮನೆಗೆ ಕಳಿಸಿದ್ದರು. ಮೂಳೆಗೆ ಇಳಿದ ಕ್ಯಾನ್ಸರ್ ಮಗ್ಗುಲು ಬದಲಿಸಿದರೂ ಕೆರಳುತ್ತದೆ. ನೋವನ್ನು ನಾವು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತೇವೆ. ಅದಕ್ಕೆ ಪೇನ್ ಸ್ಕೋರ್ ಎನ್ನುತ್ತಾರೆ. ಮೊದಲ ಭೇಟಿಯಲ್ಲಿ ಎಷ್ಟೆಂದು ಕೇಳಿದೆ.

“ಒಂಬತ್ತು ಅಂತ ಬರ್ಕಳಿ. ಆದ್ರೆ ಮಾತ್ರೆ ಗೀತ್ರೆ ಬ್ಯಾಡ,” ಎಂದರು. ಬೆವರು ಇಳಿದು ದಿಂಬು ಒದ್ದೆಯಾಗಿತ್ತು. “ಮೂವತ್ತು ವರ್ಸ ಕಂಬದ ಮೇಲೆ ನಿಂತೋನು ನಾನು. ಇದು ಸ್ವಾಮಿ ಕೊಟ್ಟಿರೋ ಶಿಲುಬೆ. ನಾನೇ ಹೊರ್ತೀನಿ.”

ಅದು ತಪಸ್ಸುಕಾಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ನಾವು ಕ್ರೈಸ್ತರು ಉಪವಾಸ, ಜಪಗಳಲ್ಲಿ ಕಳೆಯುತ್ತೇವೆ. ನಾನೂ ಮಾಂಸ ಬಿಟ್ಟಿದ್ದೆ, ಶುಕ್ರವಾರ ಒಪ್ಪೊತ್ತು ಉಣ್ಣುತ್ತಿದ್ದೆ. ಹಾಗಾಗಿ ಅವರ ಮಾತು ನನಗೆ ಹೊಸದಲ್ಲ. ಮಂಚದ ಪಕ್ಕ ಜಪಮಾಲೆ ಹಿಡಿದು ಕೂತಿದ್ದ ಅಣ್ಣ ರಾಯಪ್ಪ, ತಮ್ಮನ ಮಾತಿಗೆ ಮೆಚ್ಚಿ ತಲೆಯಾಡಿಸಿದರು. ಊರಿನ ಪ್ರಾರ್ಥನಾ ಕೂಟವನ್ನು ನಡೆಸುತ್ತಿದ್ದವರು ಅವರೇ.

ಎರಡನೆಯ ಗುರುವಾರ ವೈದ್ಯರಿಂದ ಮಾರ್ಫಿನ್ ಬರೆಸಿಕೊಂಡು ಹೋದೆ. ಮಾರ್ಫಿನ್ ಎಂದರೆ ಸಾಯಿಸುವ ಮದ್ದು ಎಂಬ ಹೆದರಿಕೆ ಜನರಲ್ಲಿದೆ. ಅಳತೆ ತಪ್ಪದೆ ಬಾಯಲ್ಲಿ ಕೊಟ್ಟರೆ ಮೂಳೆಯ ನೋವಿಗೆ ಅದಕ್ಕಿಂತ ನೆಚ್ಚಬಹುದಾದ ಔಷಧಿ ನಾನು ಕಂಡಿಲ್ಲ. ಸ್ವಲ್ಪ ಜಾಣತನವನ್ನೂ ಸೇರಿಸಿದೆ. “ಸಬ್‌ಸ್ಟೇಷನ್‌ನವರು ಕರೆಂಟ್ ತೆಗೆದಿದೀವಿ ಅಂದಮೇಲೇ ಅಲ್ವಾ ನೀವು ಕಂಬ ಹತ್ತುತ್ತಿದ್ದದ್ದು? ಆವಾಗ ಇನ್ನೊಬ್ಬರನ್ನ ನಂಬ್ತಿದ್ರಿ, ಈಗ್ಯಾಕೆ ನಂಬಬಾರದು?” ಎಂದೆ. ಅಂಥ ನೋವಿನಲ್ಲೂ ಅವರು ನಕ್ಕರು. “ಕಂಬದ ಮಾತು ಕಂಬಕ್ಕಾಯ್ತು. ಹೋಗ್ಬನ್ನಿ ಸಿಸ್ಟ್ರೇ,” ಎಂದರು. ಮಾತ್ರೆಗಳು ಬ್ಯಾಗಿನಲ್ಲೇ ಉಳಿದವು.

ಮೂರನೆಯ ಗುರುವಾರ ಹೋದಾಗ ರಾಯಪ್ಪನವರು ಬಾಗಿಲಲ್ಲೇ ತಡೆದರು.

“ಶಿಲುಬೆ ಮೇಲಿದ್ದಾಗ ಸ್ವಾಮಿಗೂ ಮತ್ತಿನ ರಸ ಕೊಡಕ್ ಬಂದ್ರು. ಕುಡುದ್ರಾ? ಬ್ಯಾಡ ಅಂದ್ರು. ನೀವೂ ನಮ್ಮೋರೇ ಅಲ್ವಾ, ಅಷ್ಟೂ ಗೊತ್ತಿಲ್ವಾ?”

ನನಗೆ ಸಿಟ್ಟು ಬಂತು. ಸ್ವಾಮಿ ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ಚಿತ್ರಗಳು ನಮ್ಮ ಎಲ್ಲ ಚರ್ಚುಗಳ ಗೋಡೆಯ ಮೇಲಿರುತ್ತವೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸುತ್ತೇವೆ. “ಗೊತ್ತು ರಾಯಪ್ಪನೋರೇ. ಐದನೇ ಚಿತ್ರವೂ ಗೊತ್ತು. ಹೊಲದ ಕಡೆಯಿಂದ ಬರುತ್ತಿದ್ದವನೊಬ್ಬ ಶಿಲುಬೆಗೆ ಹೆಗಲು ಕೊಟ್ಟ. ನೀನು ಮುಟ್ಟಬೇಡ, ನಾನೊಬ್ಬನೇ ಹೊರ್ತೀನಿ ಅಂದ್ರಾ ಸ್ವಾಮಿ?” ಎಂದೆ.

ರಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಚೌರಪ್ಪನವರ ದನಿ ಕೇಳಿತು. “ವಾದ ಮಾಡಕ್ ಬಂದ್ರಾ ಸಿಸ್ಟ್ರೇ, ಆರೈಕೆ ಮಾಡಕ್ ಬಂದ್ರಾ?”

ನಾನು ರಾಯಪ್ಪನವರನ್ನು ದಾಟಿ ಒಳಗೆ ಹೋದೆ. ಚೌರಪ್ಪನವರ ಹೆಂಡತಿ ಲೂರ್ದಮ್ಮ ಗಂಡನನ್ನು ಮಗ್ಗುಲು ಹೊರಳಿಸುತ್ತಿದ್ದರು. ಆಕೆಯೊಬ್ಬರ ಹೊರತು ಬೇರೆ ಯಾರೂ ತಮ್ಮನ್ನು ಮುಟ್ಟಲು ಅವರು ಬಿಡುತ್ತಿರಲಿಲ್ಲ. ಹೀಗೆ ಎತ್ತಿ ಎತ್ತಿ ಲೂರ್ದಮ್ಮನ ಬಲ ಮಣಿಕಟ್ಟು ಉಳುಕಿತ್ತು, ಅದಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಹೊರಳಿಸಿ ಮುಗಿಸಿ ನೇರವಾಗಿ ನಿಂತದ್ದೇ ತಡ, ಆಕೆ ತೂರಾಡಿ ಗೋಡೆ ಹಿಡಿದರು. ನಾನು ಓಡಿಹೋಗಿ ಕೂರಿಸಿ ಬಿ.ಪಿ. ನೋಡಿದೆ. ನೂರ ತೊಂಬತ್ತು, ನೂರ ಹತ್ತು. ಪಾರ್ಶ್ವವಾಯು ಹೊಡೆಯಲು ಅಷ್ಟು ಸಾಕು. ಆ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

ಲೂರ್ದಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ಮೂರು ವಾರಗಳಲ್ಲಿ ನಾನು ಅವರ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ.

“ನನ್ ಶಿಲುಬೆ, ನನ್ ಶಿಲುಬೆ ಅಂತೀರಿ. ಹೊರ್ತಿರೋಳು ನಾನು ಕಣ್ರೀ. ನೀವು ನರಳ್ತಿದ್ರೆ ನಾನೆಂಗ್ ಕಣ್ಮುಚ್ಚಲಿ? ನನ್ನ ಯಾರಾರ ಒಂದ್ ಮಾತು ಕೇಳುದ್ರಾ? ಬಾವ, ನೀವ್ ಕೇಳುದ್ರಾ?”

ರಾಯಪ್ಪನವರ ಕೈಯಲ್ಲಿ ಜಪಮಾಲೆ ನಿಂತೇಹೋಯಿತು. ಚೌರಪ್ಪ ಹೆಂಡತಿಯ ಬಟ್ಟೆ ಸುತ್ತಿದ ಕೈ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ಒಂದು ವಾರ. ಮಂಕು ಹಿಡ್ದು ಜಪ ಮಾಡಕ್ಕಾಗ್ದಿದ್ರೆ ಮಾತ್ರೆ ನಿಮ್ ಬ್ಯಾಗಿಗೇ ವಾಪಸ್ಸು,” ಎಂದರು.

ನಾಲ್ಕು ಗಂಟೆಗೊಮ್ಮೆ ಐದು ಮಿಲಿಗ್ರಾಂ. ಮಾರ್ಫಿನ್ ಮಲ ಕಟ್ಟುತ್ತದೆ, ಆದ್ದರಿಂದ ಜೊತೆಗೆ ಅದಕ್ಕೊಂದು ಔಷಧಿ. ಲೂರ್ದಮ್ಮನನ್ನು ಅಂದೇ ನಮ್ಮ ವ್ಯಾನಿನಲ್ಲಿ ಕನಕಪುರಕ್ಕೆ ಕರೆದೊಯ್ದು ವೈದ್ಯರಿಗೆ ತೋರಿಸಿದೆ.

ಮರುದಿನ ಮಧ್ಯಾಹ್ನ ರಾಯಪ್ಪನವರ ಫೋನ್ ಬಂತು. “ಬೆಳಗ್ಗಿಂದ ಮಲ್ಗೇ ಅವ್ನೆ. ನಾನ್ ಹೇಳ್ಳಿಲ್ವಾ? ಮಂಕು ಹಿಡಿಸ್ಬುಟ್ರಿ!” ಕೂಗಿದರೆ ಏಳುತ್ತಾರಾ, ಉಸಿರು ನಿಮಿಷಕ್ಕೆ ಎಷ್ಟು, ಎಣಿಸಿ ಹೇಳಿ ಎಂದೆ. ಫೋನ್ ಹಿಡಿದೇ ಕಾದೆ. “ಹದ್ನಾರು. ಕೂಗುದ್ರೆ ನೀರು ಕೇಳ್ತಾನೆ.” ನಾನು ನಿರಾಳವಾದೆ. ಹದಿನಾರು ಆರೋಗ್ಯವಂತರ ಉಸಿರೇ. ವಾರಗಟ್ಟಲೆ ಬಾಕಿಯಿದ್ದ ನಿದ್ದೆಯನ್ನು ದೇಹ ತೀರಿಸಿಕೊಳ್ಳುತ್ತಿದೆ, ಎರಡು ದಿನ ತಾಳಿ, ಉಸಿರು ಕಮ್ಮಿಯಾದರೆ ತಕ್ಷಣ ತಿಳಿಸಿ ಎಂದೆ. ವೈದ್ಯರಿಗೂ ವಿಷಯ ಮುಟ್ಟಿಸಿದೆ. ಮೂರನೆಯ ದಿನ ಮಂಪರು ಹರಿಯಿತು.

ಮುಂದಿನ ಗುರುವಾರ ಸ್ಕೋರ್ ಮೂರಕ್ಕೆ ಇಳಿದಿತ್ತು. ಚೌರಪ್ಪ ದಿಂಬಿಗೆ ಒರಗಿ ರಾಗಿ ಅಂಬಲಿ ಕುಡಿಯುತ್ತಿದ್ದರು. ಜಪ ಆಗುತ್ತಿದೆಯೇ ಎಂದು ಕೇಳಿದೆ.

“ಸುಳ್ ಯಾಕೆ ಹೇಳ್ಳಿ ಸಿಸ್ಟ್ರೇ? ನೋವಿದ್ದಾಗ ದ್ಯಾವ್ರ ಗ್ಯಾನವೇ ಬತ್ತಿರ್ಲಿಲ್ಲ. ಹಲ್ಲು ಕಚ್ಚೋದ್ರಲ್ಲೇ ಹೊತ್ತೋಗದು. ತಡ್ಕಂಡೆ, ನಾನೇ ತಡ್ಕಂಡೆ ಅಂತ ಒಳಗೊಳಗೇ ಬೀಗ್ತಿದ್ದೆ. ಸ್ವಾಮಿನ ನಂಬ್ದೆ ಅಂತಿದ್ದೋನು ನಂಬಿದ್ದು ನನ್ ಹಲ್ಲನ್ನ.”

ಅವರಿಗೆ ನಿಜವಾಗಿ ಕಷ್ಟವಾದದ್ದು ಆಮೇಲಿನದು. ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಳ್ಳಲು ಒಪ್ಪಬೇಕಾಯಿತು. ಶುಕ್ರವಾರ ಲೂರ್ದಮ್ಮ ಚರ್ಚಿಗೆ ಹೊರಟಾಗ ಎಪ್ಪತ್ತರ ರಾಯಪ್ಪ ಬಿಸಿನೀರಿನ ಬಕೆಟ್ಟು ತಂದಿಟ್ಟರಂತೆ. ಚೌರಪ್ಪ ಮುಖ ಗೋಡೆಗೆ ತಿರುಗಿಸಿಕೊಂಡರಂತೆ. “ನಾಚ್ಕೋಬ್ಯಾಡ ಕಣ್ಲಾ, ಹುಟ್ಟಿದ್ ದಿನದಿಂದ ನೋಡಿವ್ನಿ,” ಎಂದು ಅಣ್ಣ ಗದರಿದ ಮೇಲೆ ಕೈ ಸಡಿಲ ಬಿಟ್ಟರಂತೆ. ಅಲ್ಲಿಂದ ಮುಂದೆ ಮಾತ್ರೆಯ ಹೊತ್ತನ್ನು ನೋಡಿಕೊಂಡವರೂ ರಾಯಪ್ಪನವರೇ. “ಇದು ಸರಿ ಅಂತ ನಾನು ಈಗ್ಲೂ ಒಪ್ಪಿಲ್ಲ. ಆದ್ರೆ ಟೈಮಿಗ್ ಕೊಡ್ತೀನಿ,” ಎಂದು ನನ್ನ ಮುಖಕ್ಕೇ ಹೇಳಿದರು. ಕೊಟ್ಟರು ಕೂಡ, ಒಂದು ಸಲವೂ ತಪ್ಪಿಸಲಿಲ್ಲ.

ಈಸ್ಟರ್ ಕಳೆದ ಮೂರನೆಯ ವಾರ, ಬೆಳಗಿನ ಹೊತ್ತು, ಚೌರಪ್ಪ ತೀರಿಕೊಂಡರು. ಲೂರ್ದಮ್ಮನ ಬಿ.ಪಿ. ಅಷ್ಟರಲ್ಲಿ ಹತೋಟಿಗೆ ಬಂದಿತ್ತು.

ಆ ಮನೆ ನನಗೊಂದು ಅಭ್ಯಾಸ ಕಲಿಸಿತು. ನಿವೃತ್ತಿಯ ದಿನದವರೆಗೂ ಪ್ರತಿ ಮನೆಯಲ್ಲಿ ಎರಡು ಬಿ.ಪಿ. ನೋಡಿದೆ: ಮಲಗಿದವರದು, ನೋಡಿಕೊಳ್ಳುವವರದು. ಯಾರಾದರೂ ದೇವರಿಗಾಗಿ ತಡೆದುಕೊಳ್ಳುತ್ತೇನೆ ಎಂದರೆ, ನಿಮ್ಮ ಜೊತೆ ಇನ್ನು ಯಾರು ತಡೆದುಕೊಳ್ಳುತ್ತಿದ್ದಾರೆ ಎಂದು ಕೇಳಿದೆ. ಇದಕ್ಕಾಗಿ ನನ್ನ ಚರ್ಚಿನಲ್ಲೇ ಕೆಲವರು ನಂಬಿಕೆ ಸಾಲದವಳು ಎಂದರು. ಅನ್ನಲಿ. ನನ್ನ ಹಸಿವನ್ನು ದೇವರಿಗೆ ಒಪ್ಪಿಸುವ ಹಕ್ಕು ನನಗಿದೆ, ಈ ವರ್ಷವೂ ಒಪ್ಪಿಸಿದ್ದೇನೆ. ಇನ್ನೊಬ್ಬರ ನಿದ್ದೆಯನ್ನು ನನ್ನ ಕಾಣಿಕೆಯೆಂದು ಒಪ್ಪಿಸುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ.