ಹಾಲಮ್ಮನವರ ಎಣಿಕೆ

ಹಾಲಮ್ಮನವರ ಬಲಗೈ ಹೆಬ್ಬೆರಳ ಉಗುರು ಉಳಿದ ಒಂಬತ್ತು ಉಗುರುಗಳಂತಿರಲಿಲ್ಲ. ಅದನ್ನು ಅವರು ಒಂದು ಭತ್ತದ ಕಾಳಿನಷ್ಟು ಮುಂದಕ್ಕೆ ಬೆಳೆಯಬಿಟ್ಟು, ತುದಿಯನ್ನು ಒರಟು ಕಲ್ಲಿಗೆ ತೀಡಿ ಚೂಪು ಮಾಡಿಕೊಳ್ಳುತ್ತಿದ್ದರು. ಆ ಉಗುರಿನಿಂದ ಶೇಂಗಾ ಸುಲಿಯುತ್ತಿರಲಿಲ್ಲ, ಬೆಳ್ಳುಳ್ಳಿ ಬಿಡಿಸುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಂತಾಗಲೂ ಆ ಹೆಬ್ಬೆರಳನ್ನು ಉಳಿದ ಬೆರಳುಗಳೊಳಗೆ ಮಡಚಿ ಕಾಪಾಡಿಕೊಳ್ಳುತ್ತಿದ್ದರು. ನಾನೊಮ್ಮೆ ಕಾರಣ ಕೇಳಿದೆ.

"ಇದು ನನ್ನ ಮಷೀನು ಕಣ್ರಿ ಮೇಷ್ಟ್ರೇ. ನಿಮ್ಮ ಪೆನ್ನನ್ನ ಯಾರಾದ್ರೂ ಕಿವಿ ಕೆರಿಯಾಕೆ ಕೇಳಿದ್ರೆ ಕೊಡ್ತೀರೇನು?" ಎಂದರು.

ನಾನಾಗ ಜಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಅವರು ಅಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು. ಕಾಲೇಜಿನ ಹಿಂದಿನ ಪಾತಿಯಲ್ಲಿ ವಿದ್ಯಾರ್ಥಿಗಳಿಗೆ ಹತ್ತಿ ಹೂವಿನ ಸಂಕರಣ ಕಲಿಸಲು ಹೋಗಿ, ನಾನು ಇಕ್ಕಳದಿಂದ ಮುಟ್ಟಿದ ಮೊಗ್ಗುಗಳೆಲ್ಲ ಎರಡೇ ದಿನದಲ್ಲಿ ಉದುರಿಹೋಗಿದ್ದವು. ಪೊರಕೆಯನ್ನು ಗೋಡೆಗೆ ಒರಗಿಸಿ ಅದನ್ನು ನೋಡುತ್ತಿದ್ದ ಹಾಲಮ್ಮ, "ಹೂವಿಗೆ ಆಪರೇಷನ್ ಮಾಡ್ತಾ ಇದೀರೋ, ಪೋಸ್ಟ್‌ಮಾರ್ಟಂ ಮಾಡ್ತಾ ಇದೀರೋ? ಸರೀರಿ ಅತ್ಲಾಗೆ" ಎಂದು ಮುಂದೆ ಬಂದರು. ಮಾರನೆಯ ದಿನ ಅರಳಬೇಕಿದ್ದ ಮೊಗ್ಗೊಂದನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳ ಉಗುರನ್ನು ಅದರ ಬುಡಕ್ಕೆ ಊರಿ ಒಂದು ಸುತ್ತು ತಿರುಗಿಸಿದರು. ಪಕಳೆಗಳೂ ಪರಾಗದ ಕೇಸರಗಳೂ ಟೋಪಿ ಕಳಚಿದಂತೆ ಒಟ್ಟಿಗೆ ಕಳಚಿಬಂದವು. ನಡುವಿನ ಹೆಣ್ಣು ಭಾಗ ಮಾತ್ರ ಗಾಯವಿಲ್ಲದೆ ಉಳಿದಿತ್ತು. ನಾನು ಸ್ನಾತಕೋತ್ತರ ಪದವಿಯಲ್ಲಿ ಕಲಿಯದ ಕೆಲಸವನ್ನು ಅವರು ನಾಲ್ಕು ಉಸಿರಿನಲ್ಲಿ ಮುಗಿಸಿದ್ದರು.

ನ್ಯಾಮತಿ ಕಡೆಯ ತವರಿನಿಂದ ಹದಿನಾಲ್ಕನೆಯ ವಯಸ್ಸಿನಲ್ಲೇ ಅವರು ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೊರಟವರು. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳ ಕೇಸರ ತೆಗೆದು ಕೆಂಪು ಕಾಗದದ ಟೋಪಿ ಹಾಕುವುದು. ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಟೋಪಿ ತೆಗೆದು, ಪರಾಗ ಸವರುವುದು. ಇಪ್ಪತ್ತಾರು ವರ್ಷ ಅವರು ಮಾಡಿದ್ದು ಇಷ್ಟೇ. ಆದರೆ ಯಾವ ಹೂವಿನ ಗುಣ ಮಕ್ಕಳಲ್ಲಿ ಅಡಗುತ್ತದೆ, ಯಾವುದು ಮೊಮ್ಮಕ್ಕಳಲ್ಲಿ ಮತ್ತೆ ತಲೆಯೆತ್ತುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ಅವರು ಗಮನಿಸಿ ಇಟ್ಟುಕೊಂಡಿದ್ದರು.

ನನಗೆ ಆ ಜ್ಞಾನದ ತುರ್ತು ಅಗತ್ಯವಿತ್ತು. ಅದಕ್ಕೂ ಕೆಲವು ತಿಂಗಳು ಮೊದಲು ನ್ಯಾಮತಿಯಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ಎದ್ದು, ಗುಣವೆಂಬುದು ಕುಲದಲ್ಲಿ ಬರುತ್ತದೆ, ಇಂಥ ಮನೆಯಲ್ಲಿ ಇಂಥವರೇ ಹುಟ್ಟುತ್ತಾರೆ, ಇದನ್ನು ವಿಜ್ಞಾನವೂ ಒಪ್ಪಿದೆ ಎಂದರು. ಬುದ್ಧನ ಪಟದ ಕೆಳಗೆ ಕುಳಿತು ಓದಿ ಬೆಳೆದವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದಗಳನ್ನು ಅನೇಕ ಬಾರಿ ಎದುರಿಸಿದ್ದೆ. ಅನುವಂಶೀಯತೆಯ ನಿಯಮ ಕುಲದ ಪರವಾಗಿ ಸಾಕ್ಷಿ ಹೇಳುವುದಿಲ್ಲ, ಅದನ್ನು ಗಿಡಗಳಿಂದಲೇ ತೋರಿಸುತ್ತೇನೆ, ಮೂರನೆಯ ವರ್ಷ ಚನ್ನಗಿರಿಯ ವಿಜ್ಞಾನ ಶಿಬಿರಕ್ಕೆ ಬನ್ನಿ ಎಂದು ವೇದಿಕೆಯ ಮೇಲಿನಿಂದಲೇ ಮಾತು ಕೊಟ್ಟುಬಿಟ್ಟೆ. ಮಾತು ಕೊಡುವುದು ನನಗೆ ಸುಲಭವಾಗಿತ್ತು. ಹೂ ಬಿಡಿಸುವುದು ಹಾಲಮ್ಮನವರ ಪಾಲಿಗೆ ಬಂತು.

ಊರಾಚೆಯ ತಮ್ಮ ಹೊಲದ ಒಂದು ತುಂಡನ್ನು ಅವರು ಇದಕ್ಕಾಗಿ ಬಿಟ್ಟುಕೊಟ್ಟರು. ಪಕಳೆಯ ಬುಡದಲ್ಲಿ ಕಡುಗೆಂಪು ಮಚ್ಚೆಯಿರುವ ಹತ್ತಿ ಒಂದು, ಮಚ್ಚೆಯಿಲ್ಲದ್ದು ಇನ್ನೊಂದು. ಅವರ ಭಾಷೆಯಲ್ಲಿ ಮಚ್ಚೆ ಹೂ, ಬೋಳು ಹೂ. ಮೊದಲ ವರ್ಷ ಎರಡನ್ನೂ ಕೂಡಿಸಿದರು. ಎರಡನೆಯ ವರ್ಷ ಹುಟ್ಟಿದ ಮಕ್ಕಳೆಲ್ಲ ಮಚ್ಚೆಯವೇ. ಬೋಳು ಎಂಬುದು ಹೊಲದಲ್ಲಿ ಇರಲೇ ಇಲ್ಲವೆನ್ನುವಂತೆ ಮರೆಯಾಗಿತ್ತು. ಆ ಗಿಡಗಳ ಮೊಗ್ಗಿನ ತುದಿಗೆ ದಾರ ಕಟ್ಟಿ, ಹೊರಗಿನ ಪರಾಗ ಸೇರದಂತೆ ನೋಡಿಕೊಂಡು, ತಮ್ಮಲ್ಲೇ ಕಾಯಿ ಕಟ್ಟಿಸಿದರು. ಮೂರನೆಯ ವರ್ಷ ಆ ಬೀಜದ ಗಿಡಗಳಲ್ಲಿ ಮುಕ್ಕಾಲು ಪಾಲು ಮಚ್ಚೆಯವೂ ಕಾಲು ಪಾಲು ಬೋಳೂ ಬರಬೇಕು. ಮಚ್ಚೆಯ ತಾಯಿತಂದೆಗೆ ಬೋಳು ಮಕ್ಕಳು! ನನ್ನ ಇಡೀ ವಾದ ಆ ಕಾಲು ಪಾಲಿನ ಮೇಲೆ ನಿಂತಿತ್ತು.

ಆ ಮೂರು ವರ್ಷ ನಾನು ನೆಮ್ಮದಿಯಾಗಿ ಇದ್ದದ್ದು ನೆನಪಿಲ್ಲ. ಜೇನುಹುಳು ಕಂಡರೆ ಹೊರಗಿನ ಪರಾಗ ತಂದೀತೆಂದು ಟವೆಲ್ಲು ಬೀಸಿ ಓಡಿಸುತ್ತಿದ್ದೆ. ಗಾಳಿ ಬೀಸಿದರೆ ಮೊಗ್ಗಿನ ದಾರ ಬಿಚ್ಚಿತೇ ಎಂದು ಸೈಕಲ್ಲು ತುಳಿದು ಹೊಲಕ್ಕೆ ಓಡುತ್ತಿದ್ದೆ. ಹಾಲಮ್ಮ ನಗುತ್ತಿದ್ದರು. "ಹೆತ್ತೋಳು ಸುಮ್ಮನೆ ಕುಂತಾಳೆ, ಇವರಿಗೆ ಬೇನೆ ಬಂದೈತೆ ನೋಡು" ಎಂದು ಪಕ್ಕದ ಹೊಲದವರಿಗೆ ಕೇಳಿಸುವಂತೆ ಹೇಳುತ್ತಿದ್ದರು.

ಆದರೆ ಎಣಿಸುವಾಗ ಅವರು ನಗುತ್ತಿರಲಿಲ್ಲ. ಗಿಡ ಮೊದಲ ಹೂ ಬಿಟ್ಟ ದಿನವೇ ಮಚ್ಚೆಯದಕ್ಕೆ ಕೆಂಪು ದಾರ, ಬೋಳಿಗೆ ಬಿಳಿ ದಾರ ಕಟ್ಟಿ, ಬೋಳು ಗಿಡ ಒಂದಕ್ಕೆ ಒಂದು ಹುಣಸೆಬೀಜದಂತೆ ಡಬ್ಬಿಯಲ್ಲಿ ಹಾಕುತ್ತಿದ್ದರು. ಸಾಲನ್ನು ಪೂರ್ವದಿಂದ ಒಮ್ಮೆ, ಪಶ್ಚಿಮದಿಂದ ಒಮ್ಮೆ ಎಣಿಸುವರು. ಎರಡೂ ತಾಳೆಯಾಗದಿದ್ದರೆ ಮೂರನೆಯ ಸಲ. ಅಷ್ಟು ಹೊತ್ತೂ ಯಾರೂ ಮಾತನಾಡುವಂತಿಲ್ಲ. "ನೀವು ಮಾತಾಡ್ರಿ, ಬ್ಯಾಡ ಅನ್ನಲ್ಲ. ಎಣಿಸಿ ಆದ್ಮೇಲೆ ಮಾತಾಡ್ರಿ" ಎನ್ನುವುದು ಅವರು ನನಗೆ ದಿನವೂ ಹೇಳುತ್ತಿದ್ದ ಮಾತು.

ಎಂಬತ್ತು ಗಿಡಗಳೂ ಹೂ ಬಿಟ್ಟು ಮುಗಿದಾಗ ಮಚ್ಚೆಯವು ಐವತ್ತನಾಲ್ಕು, ಬೋಳು ಇಪ್ಪತ್ತಾರು. ನನಗೆ ಬೇಕಾಗಿದ್ದದ್ದು ಅರವತ್ತು ಮತ್ತು ಇಪ್ಪತ್ತು.

ಇಷ್ಟು ಕಡಿಮೆ ಗಿಡಗಳಲ್ಲಿ ಅಷ್ಟು ಏರುಪೇರು ಸಹಜವೆಂದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ. ಆದರೆ ನನ್ನ ಕಣ್ಣ ಮುಂದೆ ತರಗತಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಆ ಹಿರಿಯರ ಮುಖವಿತ್ತು. ಶಿಬಿರಕ್ಕೆ ಉಳಿದದ್ದು ನಾಲ್ಕೇ ದಿನ. ಚಿತ್ರಪಟದಲ್ಲಿ ಮೂರಕ್ಕೆ ಒಂದು ಎಂದು ಆಗಲೇ ದಪ್ಪ ಅಕ್ಷರದಲ್ಲಿ ಬರೆಸಿಯಾಗಿತ್ತು. ಎಂಟು ಬೋಳು ಗಿಡ ಕಡಿಮೆಯಾದರೆ ಹದಿನೆಂಟು ಉಳಿಯುತ್ತವೆ; ಐವತ್ತನಾಲ್ಕು ಅದರ ಸರಿಯಾಗಿ ಮೂರು ಪಟ್ಟು. ಸತ್ಯ ನನ್ನ ಪಕ್ಷದಲ್ಲೇ ಇರುವಾಗ ಅದಕ್ಕೆ ಸ್ವಲ್ಪ ಕೈ ಆಸರೆ ಕೊಟ್ಟರೆ ತಪ್ಪೇನು ಎಂದು ನನಗೆ ನಾನೇ ವಾದ ಹೂಡಿ, ನಾನೇ ತೀರ್ಪು ಕೊಟ್ಟುಕೊಂಡೆ. ಮಾರನೆಯ ಬೆಳಿಗ್ಗೆ ಹಾಲಮ್ಮ ಬರುವ ಮೊದಲೇ ಹೊಲಕ್ಕೆ ಹೋಗಿ ಎಂಟು ಬೋಳು ಗಿಡ ಕಿತ್ತು, ಬೇಲಿಯಾಚೆ ಎಸೆದು, ಕುಣಿಗಳಿಗೆ ಕಾಲಿನಿಂದ ಮಣ್ಣು ಮುಚ್ಚಿದೆ.

ಅವರು ಬಂದರು. ಪೂರ್ವದಿಂದ ಎಣಿಸಿದರು. ಪಶ್ಚಿಮದಿಂದ ಎಣಿಸಿದರು. ಡಬ್ಬಿಯ ಹುಣಸೆಬೀಜಗಳನ್ನು ಸೆರಗಿನ ಮೇಲೆ ಸುರಿದುಕೊಂಡು ಅವನ್ನೂ ಎಣಿಸಿದರು.

"ಮೇಷ್ಟ್ರೇ, ಹಂದಿ ಬಂದಿತ್ತೇನ್ರಿ?"

"ಇರಬಹುದು" ಎಂದೆ.

"ಭಾರಿ ಬುದ್ಧಿವಂತ ಹಂದಿ. ಬಿಳಿ ದಾರ ನೋಡಿ ನೋಡಿ ಕಿತ್ತೈತೆ. ಹೋಗೋವಾಗ ಗುಂಡಿ ಬೇರೆ ಮುಚ್ಚೈತೆ."

ನಾನು ಬಗ್ಗಿ ಪ್ಯಾಂಟಿನ ಅಂಚಿಗೆ ಮೆತ್ತಿದ್ದ ಮಣ್ಣು ಕೊಡವತೊಡಗಿದೆ.

"ಯಾರಿಗೆ ಹೆದರಿದ್ರಿ?" ಎಂದರು. ಗದರಿಸುವ ದನಿಯಲ್ಲ ಅದು. ಜ್ವರ ಬಂದವರನ್ನು ವಿಚಾರಿಸುವ ದನಿ. "ಬೋಳು ಜಾಸ್ತಿ ಬಂದಿದ್ದು ನನ್ನ ಕೈ ತಪ್ಪೋ, ಅದರ ಪಾಡಿಗೆ ಅದು ಬಂದಿದ್ದೋ, ಆ ಗಿಡ ಇದ್ದಿದ್ರೆ ಎಂದಾದ್ರೂ ಗೊತ್ತಾಗ್ತಿತ್ತು. ಕಿತ್ತು ಬಿಸಾಕಿದ್ರಿ. ಇನ್ನು ಯಾರನ್ನ ಕೇಳಾಣ?"

ಬದುವಿನ ಮೇಲೆ ಕುಳಿತು ಅವರು ಅಂದು ಹೇಳಿದ್ದನ್ನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲವಂತೆ. ಮೂವತ್ತು ವರ್ಷದ ಹಿಂದೆ, ಬೀಜದ ಹೊಲವೊಂದರಲ್ಲಿ, ಒಂದು ಸಂಜೆ ಅವರ ಕೂಸಿಗೆ ಮೈ ಸುಡುತ್ತಿತ್ತು. ಅರ್ಧ ಸಾಲು ಬಾಕಿಯಿತ್ತು. ಕೇಸರ ತೆಗೆಯದೆಯೇ ಮೊಗ್ಗುಗಳಿಗೆ ಕೆಂಪು ಟೋಪಿ ಹಾಕಿ, ಮೇಸ್ತ್ರಿಯ ಕಣ್ಣಿಗೆ ಕೆಲಸ ಮುಗಿದಂತೆ ಕಾಣಿಸಿ, ಮನೆಗೆ ಓಡಿದರು. ಆಮೇಲೂ ಎರಡು ಸಂಜೆ ಅದೇ ನಡೆಯಿತು. ಟೋಪಿಯೊಳಗೆ ಆ ಹೂಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟಿದವು. ಕಂಪನಿಯವರು ಬೀಜದ ಮಾದರಿ ಬಿತ್ತಿ ನೋಡಿದಾಗ ಬೆರಕೆ ಕಂಡು ಇಡೀ ಹೊಲದ ಬೀಜವನ್ನು ತಿರಸ್ಕರಿಸಿದರು. ಪಕ್ಕದ ಸಾಲು ಕೆಂಚಮ್ಮ ಎಂಬುವಳದು; ಜೊತೆಗೆ ಮೇಸ್ತ್ರಿಗೆ ಎದುರು ಮಾತನಾಡುವ ಹೆಣ್ಣು. ತಪ್ಪು ಅವಳ ತಲೆಗೆ ಬಂತು. 'ಸುಳ್ಳುಗೈ ಕೆಂಚಿ' ಎಂಬ ಹೆಸರು ಹೊಲದಿಂದ ಹೊಲಕ್ಕೆ ಹರಡಿ, ಕ್ರಾಸಿಂಗ್‌ಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಅವಳು ತನ್ನೂರು ಉಬ್ರಾಣಿಗೆ ಹೊರಟುಹೋದಳು.

"ಅವಳು ಗಂಟು ಕಟ್ಟೋವಾಗ ನಾನು ಮೂರು ಮಾರು ದೂರದಾಗೆ ನಿಂತಿದ್ದೆ. ಬಾಯಿ ಬರಲಿಲ್ಲ. ಅವತ್ತಿಂದ ಎರಡೂ ಕಡೆಯಿಂದ ಎಣಿಸ್ತೀನಿ. ಎಷ್ಟು ಎಣಿಸಿದ್ರೂ ಆ ಸಾಲು ಸರಿ ಹೋಗಲ್ಲ ಮೇಷ್ಟ್ರೇ."

ಆಮೇಲೆ ಎದ್ದು ಸೀರೆ ಕೊಡವಿಕೊಂಡರು. "ಚನ್ನಗಿರಿಯಿಂದ ಉಬ್ರಾಣಿಗೆ ಬಸ್ಸು ಐತಲ್ಲ? ನೀವು ಅಲ್ಲಿ ನಿಮ್ಮದು ಹೇಳ್ರಿ. ಹೇಳಿದ್ರೆ ನಾನು ಹೋಗಿ ನನ್ನದು ಹೇಳ್ತೀನಿ. ನೀವು ನುಂಗಿಕೊಂಡ್ರೆ ನಾನೂ ನುಂಗಿಕೊಂಡು ಜಗಳೂರಿಗೆ ವಾಪಸ್ ಬರ್ತೀನಿ. ಇಷ್ಟು ದಿನ ನುಂಗಿಲ್ಲೇನು?"

ಬರೀ ನನ್ನ ಮಾನದ ಪ್ರಶ್ನೆಯಾಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಉಬ್ರಾಣಿಯಲ್ಲಿ ಮೂವತ್ತು ವರ್ಷದಿಂದ ಕೆಟ್ಟ ಹೆಸರು ಹೊತ್ತ ಹೆಂಗಸೊಬ್ಬಳ ಬಿಡುಗಡೆ ಈಗ ನನ್ನ ನಾಲಗೆಯ ಮೇಲಿತ್ತು.

ಚನ್ನಗಿರಿಯ ಸಭಾಂಗಣದಲ್ಲಿ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದರು. ಹಾಲಮ್ಮ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನಾನು ಚಿತ್ರಪಟವನ್ನು ಬಿಚ್ಚಲಿಲ್ಲ. ಐವತ್ತನಾಲ್ಕು, ಇಪ್ಪತ್ತಾರು ಎಂದು ಹಲಗೆಯ ಮೇಲೆ ಬರೆದೆ. ಇಪ್ಪತ್ತಾರರಲ್ಲಿ ಎಂಟನ್ನು ನಾನೇ ಕಿತ್ತೆ, ನನ್ನ ವಾದಕ್ಕೆ ಲೆಕ್ಕ ಒಗ್ಗಲಿ ಎಂದು ಕಿತ್ತೆ ಎಂದೆ.

ಹಿರಿಯರು ನಿಧಾನವಾಗಿ ಎದ್ದರು. "ಅಂದ್ರೆ ನಿಮ್ಮ ಗಿಡಾನೇ ನಿಮ್ಮ ಮಾತು ಕೇಳಲಿಲ್ಲ ಅಂದಂಗಾಯ್ತು." ಸಭೆ ನಕ್ಕಿತು. ನಗು ಇಳಿದ ಮೇಲೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು, "ಸರ್, ನೀವು ಹೇಳದೆ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದಳು. "ಇಲ್ಲ" ಎಂದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮಚ್ಚೆಯ ಗಿಡಗಳಿಗೆ ಬೋಳು ಮಕ್ಕಳು ಹುಟ್ಟಿದ್ದಂತೂ ನಿಜ, ಮುಖ ನೋಡಿ ಒಳಗಿನದನ್ನು ಹೇಳಲಾಗದು ಎಂದು ನಾನು ಮುಂದುವರಿಸಿದೆ. ಎಷ್ಟು ಜನ ಒಪ್ಪಿದರೋ ತಿಳಿಯದು. ಆ ವಾದದಲ್ಲಿ ನಾನು ಗೆದ್ದೆನೆಂದು ಈಗಲೂ ಹೇಳಲಾರೆ.

ಉಬ್ರಾಣಿಯ ಬಸ್ಸಿನಲ್ಲಿ ಹಾಲಮ್ಮ ಕಿಟಕಿಯ ಪಕ್ಕ ಕುಳಿತರು. ಅರ್ಧ ದಾರಿಯಲ್ಲಿ, "ಕೆಂಚಮ್ಮ ಊರಾಗೆ ಇಲ್ಲದಿದ್ರೆ ಚೆನ್ನಾಗಿರ್ತೈತೆ" ಎಂದರು. ಇನ್ನೊಂದು ತಿರುವು ದಾಟಿದ ಮೇಲೆ, "ಇರಲಪ್ಪ, ಇರಲಿ" ಎಂದು ತಮಗೆ ತಾವೇ ಹೇಳಿಕೊಂಡರು. ಹೆಬ್ಬೆರಳು ಮುಷ್ಟಿಯೊಳಗಿತ್ತು. ಬಸ್ಸಿಳಿದು ವಿಚಾರಿಸಿದಾಗ, ನಿಲ್ದಾಣದ ಎದುರಿನ ನೀಲಿ ಬಾಗಿಲ ಮನೆಯೇ ಅವಳದು ಎಂದರು. "ನೀವು ಇಲ್ಲೇ ಇರ್ರಿ ಮೇಷ್ಟ್ರೇ. ನಿಮ್ಮ ಭಾಷಣ ಬ್ಯಾಡ" ಎಂದು ಹಾಲಮ್ಮ ಒಬ್ಬರೇ ರಸ್ತೆ ದಾಟಿದರು.

ಒಂದು ಗಂಟೆ ಕಾದೆ. ಒಳಗಿನಿಂದ ಕೂಗಾಟ ಕೇಳಿಸಲಿಲ್ಲ. ಅದೇ ನನ್ನ ಭಯವನ್ನು ಹೆಚ್ಚಿಸಿತು. ವಾಪಸ್ ಹೋಗುವ ಬಸ್ಸು ಬಂದು ನಿಂತಾಗ ಎತ್ತರದ, ನರೆಗೂದಲಿನ ಹೆಂಗಸೊಬ್ಬರು ಹೊರಗೆ ಬಂದರು.

"ಈಕೆನ್ನ ಕರ್ಕೊಂಡು ಬಂದೋರು ನೀವೇನು?"

"ಹೌದಮ್ಮ."

"ಹಂಗಾದ್ರೆ ನೀವು ಹೊರಡ್ರಿ. ಆಕೆ ಇವತ್ತು ಬರಲ್ಲ."

"ಏನಾಯಿತಮ್ಮ? ಅವರು ಹೇಳಿದರೇ?"

"ಹೇಳಿದ್ಲು. ನನಗೊಬ್ಬಳಿಗೆ ಹೇಳಿದ್ರೆ ಆಯ್ತೇನು? ನನ್ನ ಸೊಸೆ ಮುಂದೆ ಒಂದ್ಸಲ ಹೇಳಿಸಿದೀನಿ. ತನ್ನವ್ವ ಸುಳ್ಳುಗೈ ಅಂತ ಕೇಳ್ಕೊಂಡೇ ಬೆಳೆದ ಮಗ ಇನ್ನೂ ಹೊಲದಾಗೆ ಅವನೆ. ಅವನು ಬರಲಿ. ಆಮೇಲೆ ನನ್ನ ತಂಗಿ ಮನೆ ಐತೆ." ಮನೆಯ ಕಡೆ ತಿರುಗುತ್ತ ಸೇರಿಸಿದರು: "ಊಟಕ್ಕೆ ಇಕ್ಕಿದೀನಿ. ಉಪವಾಸ ಕೆಡವಲ್ಲ, ಹೆದರಬ್ಯಾಡ್ರಿ."

ನಾನು ಹಾಲಮ್ಮನವರನ್ನು ಕಂಡದ್ದು ಆ ದಿನವೇ ಕೊನೆ. ಆ ವಾರವೇ ನನ್ನ ಅವಧಿ ಮುಗಿದು ಹೊನ್ನಾಳಿಯ ಕಡೆಗೆ ಹೊರಟೆ. ಮುಂದಿನ ಬಿತ್ತನೆಗೆ ಮೊದಲೇ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಈಗಲೂ ಯಾವುದಾದರೂ ಅಂಕಿಯನ್ನು ಸಭೆಯ ಮುಂದಿಡುವ ಮೊದಲು ಎರಡು ಕಡೆಯಿಂದಲೂ ಎಣಿಸುತ್ತೇನೆ.

ಅಂದು ಬಸ್ಸು ಹೊರಡುವಾಗ ಕಿಟಕಿಯಿಂದ ಆ ನೀಲಿ ಬಾಗಿಲು ತೆರೆದೇ ಕಾಣುತ್ತಿತ್ತು. ಹೆಗಲ ಮೇಲೆ ಗುದ್ದಲಿ ಹೊತ್ತ ಗಂಡಸೊಬ್ಬ ಹೊಸಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಒಳಗೆ, ಊಟದ ತಟ್ಟೆಯ ಮುಂದೆ ಕುಳಿತಿದ್ದ ಹಾಲಮ್ಮ, ಕೈ ತೊಳೆಯದೆಯೇ, ಅವನ ಮುಖ ನೋಡುತ್ತ ಮತ್ತೆ ಎದ್ದು ನಿಂತರು.