ಅಕ್ಕನ ಕೆಂಪು ಬಸ್ಸು

ಸಿಂಧನೂರಿನಲ್ಲಿ ನಾವು ಮನೆ ಕಟ್ಟಿಸುವಾಗ ಪಡಸಾಲೆಯ ಗೋಡೆಗೆ ದೊಡ್ಡದೊಂದು ಶೋಕೇಸ್ ಆಗಲೇಬೇಕೆಂದು ಹಟ ಹಿಡಿದವಳು ನಾನು. ಒಳಗೆ ನನ್ನ ಚಹಾದ ಸೆಟ್ಟು, ನಾನು ಕಲಿಸಿದ ಶಾಲೆಯ ಮಕ್ಕಳು ಕೊಟ್ಟ ಕಾಣಿಕೆಗಳು, ನಾನೇ ಹೆಣೆದ ಉಲ್ಲನ್ ಗಿಳಿಗಳು, ಹೀಗೆ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಗೃಹಪ್ರವೇಶದ ತೋರಣ ಒಣಗುವ ಮೊದಲೇ ನಮ್ಮ ಮನೆಯವರು ನಡುವಿನ ಹಲಗೆಯ ಮೇಲೆ ಒಂದು ತಗಡಿನ ಲಾರಿ ತಂದು ನಿಲ್ಲಿಸಿದರು.

"ಇದೊಂದಾ ಲಾರಿ. ಎಷ್ಟ್ ಜಾಗಾ ಹಿಡೀತೈತಿ?" ಎಂದರು.

ಲಾರಿಯ ಹಿಂದೆ ಜೀಪು ಬಂತು. ಜೀಪಿನ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಅಂಬಾಸಡರ್ ಕಾರುಗಳ ಒಂದು ಮೆರವಣಿಗೆ. ನನ್ನ ಗಿಳಿಗಳು ಅಟ್ಟ ಹತ್ತಿದವು. ಚಹಾದ ಸೆಟ್ಟು ಅಡುಗೆಮನೆಗೆ ಹೋಗಿ ಬೇಳೆ ಡಬ್ಬಿಗಳ ಹಿಂದೆ ಕುಳಿತಿತು.

ಅವರದು ಔಷಧಿ ಅಂಗಡಿ. ಬಳಗಾನೂರು, ಪಾಮನಕಲ್ಲೂರು ಕಡೆಯಿಂದ ದವಾಖಾನೆಗೆ ಬಂದವರು ಚೀಟಿ ಹಿಡಿದು ಅಲ್ಲಿಗೇ ಬರುತ್ತಾರೆ. ಕೆಮ್ಮು ಎಂದಿನಿಂದ ಎಂದು ಕೇಳುವಷ್ಟೇ ಸಹಜವಾಗಿ "ನಿಮ್ಮ ಮನ್ಯಾಗ ಹಳೇ ಆಟಿಗಿ ಸಾಮಾನ ಏನರ ಅದಾವೇನ್ರೀ?" ಎಂದು ಕೇಳುವ ಚಟ ಇವರಿಗೆ ಹತ್ತಿತ್ತು. ಜನ ಒಳ್ಳೆಯವರು. ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದುಕೊಟ್ಟರು. ಗಾಲಿಯಿಲ್ಲದ ಕಾರು, ಚಾಲಕ ಪರಾರಿಯಾದ ಸ್ಕೂಟರು, ಮೂತಿ ಜಜ್ಜಿದ ರೈಲಿನ ಎಂಜಿನ್ನು. ಊರಿನ ರೋಗಿಗಳು ಗುಳಿಗೆ ನುಂಗಿ ಮನೆಗೆ ಹೋದರೆ, ಈ ರೋಗಿಗಳು ನಮ್ಮ ಪಡಸಾಲೆಯಲ್ಲೇ ಅಡ್ಮಿಟ್ ಆದವು.

ಸಿಂಧನೂರಿನಲ್ಲಿ ಬಿಳಿಯದು ಬಿಳಿಯಾಗಿ ಉಳಿಯುವುದು ಕಷ್ಟ. ಸುತ್ತ ರೈಸ್ ಮಿಲ್ಲುಗಳು. ಭತ್ತದ ಹೊಟ್ಟು ಉರಿಸಿದ ಕರಿ ಬೂದಿ ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಸೀರೆಯ ಮೇಲೆ, ಅಂಗಳದ ರಂಗೋಲಿಯ ಮೇಲೆ ಕೂರುತ್ತದೆ. ಸೀರೆಯ ಬಗ್ಗೆ ಎಂದೂ ಚಿಂತಿಸದ ನಮ್ಮವರು ಶೋಕೇಸಿನ ಎರಡು ಗಾಜುಗಳ ನಡುವಿನ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿದರು. ಸಂಜೆಯ ಬಿಸಿಲು ಬಣ್ಣ ತಿನ್ನುತ್ತದೆಂದು ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿದರು. ಅಂದಿನಿಂದ ನಾನು ಹಾಡುಹಗಲೇ ದೀಪ ಹಚ್ಚಿಕೊಂಡು ಪೇಪರು ಓದುತ್ತೇನೆ. ತೇವಕ್ಕೆ ತಗಡು ತುಕ್ಕು ಹಿಡಿಯಬಾರದೆಂದು ಗುಳಿಗೆ ಡಬ್ಬಿಗಳೊಳಗೆ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಕೂಡಿಟ್ಟು ಪ್ರತಿ ಗಾಡಿಯ ಪಕ್ಕಕ್ಕೂ ಒಂದೊಂದು ಇಟ್ಟರು. ಊದಿನಕಡ್ಡಿ ದೇವರ ಕೋಣೆ ದಾಟಿ ಹೊರಗೆ ಬರುವಂತಿಲ್ಲ.

ಇಷ್ಟು ಸಾಲದೆಂಬಂತೆ, ಆಟಿಕೆಗಳನ್ನು ಮುಟ್ಟುವಾಗ ಅವರು ಕೈಗೆ ಡಾಕ್ಟರು ಹಾಕುವ ರಬ್ಬರ್ ಗವಸು ತೊಡುತ್ತಾರೆ. ಬೆವರು ಬಣ್ಣಕ್ಕೆ ವಿಷವಂತೆ. ಅಮಾವಾಸ್ಯೆಗೆ ಅಂಗಡಿ ಮುಚ್ಚಿರುತ್ತದೆ, ಅಂದು ಇವುಗಳ ಸೇವೆ. ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ಒಂದೊಂದನ್ನೇ ಇಳಿಸಿ, ಮೆತ್ತನೆಯ ಕುಂಚದಿಂದ ಧೂಳು ಹೊಡೆದು, ಗಾಲಿಯ ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಮುಟ್ಟಿಸುತ್ತಾರೆ. ಒಮ್ಮೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಅಮಾಸಿಗೆ ಲಾರಿಗಳಿಗೆ ಲಿಂಬಿಕಾಯಿ ಕಟ್ತಾರಲ್ರೀ, ಇವಕ್ಕೂ ಕಟ್ಟಲೇನು?" ಎಂದೆ.

ಅವರು ನಗಲಿಲ್ಲ. ಕುಂಚ ಹಿಡಿದ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ಬ್ಯಾಡ. ಲಿಂಬಿ ರಸ ಬಣ್ಣಕ್ಕ ಬಿತ್ತಂದ್ರ ಕಷ್ಟ ಆಕ್ಕೈತಿ" ಎಂದರು.

ಈ ಸಂಸ್ಥಾನಕ್ಕೆ ಒಬ್ಬ ರಾಜ ಇದ್ದ. ಕೀಲಿ ಕೊಟ್ಟರೆ ಓಡುವ ಕೆಂಪು ತಗಡಿನ ಬಸ್ಸು. ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳನ್ನು ಬಣ್ಣದಲ್ಲೇ ಬರೆದಿತ್ತು. ಅದಕ್ಕೆ ಮಾತ್ರ ಮಖಮಲ್ಲಿನ ಹಾಸು. ಬಂದವರಿಗೆಲ್ಲ ನಮ್ಮವರು ಅದನ್ನು ಗಾಜಿನಾಚೆಯಿಂದ ತೋರಿಸಿ, ತಾವು ಚಿಕ್ಕವರಿದ್ದಾಗ ತಮ್ಮ ಅಪ್ಪ ಲಿಂಗಸುಗೂರಿನಿಂದ ತಂದುಕೊಟ್ಟದ್ದೆಂದು ಹೇಳುತ್ತಿದ್ದರು. ಅದರ ಮೂರು ಗಾಲಿ ತಗಡಿನವು, ಹಿಂದಿನ ಒಂದು ಗಾಲಿ ಮಾತ್ರ ಕಪ್ಪು ರಬ್ಬರಿನದು. "ಇದು ಕಂಪನಿಯವರ ಸ್ಪೆಷಲ್ ಮಾಲು. ಇಂಥಾ ಗಾಲಿ ಬ್ಯಾರೆ ಎಲ್ಲೂ ಸಿಗಂಗಿಲ್ಲ" ಎನ್ನುವಾಗ ಅವರ ದನಿ ತಗ್ಗುತ್ತಿತ್ತು. ಬಂದವರು ಚಹಾ ಕುಡಿಯುತ್ತಾ ತಲೆ ಆಡಿಸುತ್ತಿದ್ದರು.

ಹೋದ ಚಳಿಗಾಲದಲ್ಲಿ ಗುರುಗುಂಟಾದಿಂದ ಅವರ ಅಕ್ಕ ನಮ್ಮ ಮನೆಗೆ ಬಂದರು. ಹುಟ್ಟಿದ್ದೂ ಅದೇ ಊರು, ಕೊಟ್ಟದ್ದೂ ಅದೇ ಊರಿಗೆ. ಎಮ್ಮೆ, ಹೊಲ ಬಿಟ್ಟು ಅವರು ಎಲ್ಲೂ ನಿಲ್ಲುವವರಲ್ಲ. ಹಿಂದೆ ನಮ್ಮಲ್ಲಿಗೆ ಬಂದರೂ ಮದುವೆ, ಮುಂಜಿಯ ಗದ್ದಲದಲ್ಲಿ ಬಂದು ಬಸ್ಸಿನ ಹೊತ್ತಿಗೆ ಎದ್ದುಬಿಡುತ್ತಿದ್ದರು. ಈ ಸಲ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿತ್ತು. ಆಪರೇಷನ್ನಾದ ಮೇಲೆ ಬಗ್ಗಬಾರದು, ಭಾರ ಎತ್ತಬಾರದು, ಟೀವಿ ನೋಡಬಾರದು, ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದರು. ಹೀಗಾಗಿ ಅಕ್ಕ ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕುಳಿತರು. ಕುರ್ಚಿಯ ಎದುರಿಗೆ ಶೋಕೇಸು.

ಹೊಸ ಕಣ್ಣು ಚುರುಕಾಗಿತ್ತು. ಒಂದು ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಅಕ್ಕ ಬೆರಳು ಚಾಚಿ ಕೇಳಿದರು.

"ತಮ್ಮಾ, ಆ ಕೆಂಪ ಬಸ್ ನಿನಗೆಲ್ಲಿ ಸಿಕ್ತು?"

"ಅಪ್ಪನ ಟ್ರಂಕಿನ್ಯಾಗ ಇತ್ತಬೇ. ನಂದು, ನಾ ಸಣ್ಣಾವ ಇದ್ದಾಗಿಂದು."

"ನಿಂದಲ್ಲ, ನಂದು."

ನಮ್ಮವರು ನಕ್ಕರು. 

"ನೀ ಹುಟ್ಟಿದ ಮ್ಯಾಲ ಅವ್ವ ನಿನ್ನ ಎತಗೊಂಡು ಕುಂತ್ಲು, ನನ್ನ ಕಡಿ ನೋಡವಲ್ಲಳು. ನಾ ಸಿಟ್ಟಿಗೆದ್ದು ಉಣ್ಣೂದು ಬಿಟ್ಟೆ. ಅದಕ್ಕ ಅಪ್ಪ ಲಿಂಗಸುಗೂರಿಗೆ ಹೋಗಿ ಆ ಬಸ್ ತಂದು ನನ್ನ ಕೈಯಾಗ ಕೊಟ್ಟ. ನೀ ಆವಾಗ ತೊಟ್ಟಿಲದಾಗ ಒದರಾಕತ್ತಿದ್ದಿ."

"ಹೆಣ್ಮಕ್ಕಳಿಗೆ ಯಾರರ ಬಸ್ ತರ್ತಾರೇನಬೇ? ಗೊಂಬಿ ತರ್ತಾರ."

"ಗೊಂಬಿ ಬ್ಯಾಡಂದಿದ್ದೆ. ಗೊಂಬಿ ಮನ್ಯಾಗ ಒಂದು ಬಂದಿತ್ತಲ್ಲ, ನೀನ."

ನಾನು ರೊಟ್ಟಿ ಬಡಿಸುತ್ತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿಯೂ ಅಕ್ಕನ ಮಾತು ಕೇಳಿಸುತ್ತಿತ್ತು. ಆ ಹಿಂದಿನ ಗಾಲಿ ನೋಡು, ಎನ್ನುತ್ತಿದ್ದರು. ಕಟ್ಟೆಯ ಮೇಲಿಂದ ಬಸ್ಸು ಬಿದ್ದು ಗಾಲಿ ಕಳಚಿ ಹೋಗಿತ್ತಂತೆ. ಅಕ್ಕ ಅತ್ತು ಊರನ್ನೇ ತಲೆಯ ಮೇಲೆ ಹೊತ್ತದ್ದಕ್ಕೆ ಅಪ್ಪ ತನ್ನ ಹಳೆಯ ಟೈರ್ ಚಪ್ಪಲಿಯ ಅಟ್ಟೆ ಕೊರೆದು ಗಾಲಿ ಮಾಡಿ ಹಾಕಿದನಂತೆ.

ಊಟ ಅರ್ಧಕ್ಕೇ ನಿಂತಿತು. ನಮ್ಮವರು ಕೈ ತೊಳೆದು, ಗವಸು ಹಾಕಿ, ಬಸ್ಸು ಹೊರಗೆ ತೆಗೆದು ಭೂತಗನ್ನಡಿ ಹಿಡಿದರು. ರಬ್ಬರಿನ ಅಂಚು ಚಾಕುವಿನಿಂದ ಕೊರೆದಂತೆ ಒರಟೊರಟಾಗಿತ್ತು. ಒಳಮೈಯಲ್ಲಿ ಮೊಳೆ ಹೊಡೆದ ಗುರುತೂ ಇತ್ತು. ಇಷ್ಟು ವರ್ಷ ಅಮಾವಾಸ್ಯೆಗೊಮ್ಮೆ ಎಣ್ಣೆ ಹಾಕಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಕಂಪನಿ ಸ್ಪೆಷಲ್ಲು" ಎಂದೆ ನಾನು ಮಜ್ಜಿಗೆ ಇಡುತ್ತಾ.

ಅವರು ಮಜ್ಜಿಗೆ ಕುಡಿಯದೆ ಅಂಗಡಿಗೆ ಹೋದರು.

ಮರುದಿನ ಅಕ್ಕ ಬಸ್ಸನ್ನು ಒಮ್ಮೆ ಓಡಿಸಬೇಕೆಂದರು. ನಮ್ಮವರು ಸಾಧ್ಯವಿಲ್ಲವೆಂದರು. ಒಳಗಿನ ಸ್ಪ್ರಿಂಗ್ ಮುದಿಯಾಗಿದೆ, ತುಂಡಾದರೆ ಮತ್ತೆ ಸಿಗುವುದಿಲ್ಲ, ಬಣ್ಣ ಉದುರುತ್ತದೆ ಎಂದು ವಿವರಿಸಿದರು. ಅಕ್ಕ ತಾಳ್ಮೆಯಿಂದ ಎಲ್ಲ ಕೇಳಿದರು. ಆಮೇಲೆ ನಾನು ಕಣ್ಣಿನ ಹನಿಯ ಸೀಸೆ ಹಿಡಿದು ಹೋದಾಗ ರೆಪ್ಪೆ ಗಟ್ಟಿ ಮುಚ್ಚಿಕೊಂಡು ಕುಳಿತರು.

"ಅಕ್ಕಾರ, ಕಣ್ಣು ತೆಗೀರಿ."

"ಬಸ್ ಕೊಟ್ರ ಕಣ್ಣು ತೆಗೀತೀನಂತ ಹೇಳು ಅವನಿಗೆ."

ನಾನು ಅಂಗಡಿಗೆ ಫೋನು ಮಾಡಿ ಹೇಳಿದೆ. ಹನಿ ತಪ್ಪಿಸಬಾರದೆಂದು ದಿನವೂ ಊರಿಗೆಲ್ಲ ಹೇಳುವ ಮನುಷ್ಯ. ಅಂಗಡಿಯನ್ನು ಪಕ್ಕದ ಬೇಕರಿಯವನಿಗೆ ನೋಡಿಕೊಳ್ಳಲು ಹೇಳಿ ಬೈಕು ಹತ್ತಿ ಬಂದೇಬಿಟ್ಟರು. ಅಕ್ಕನ ಮುಂದೆ ನಿಂತು ಮೊದಲು ಗದರಿದರು, ಆಮೇಲೆ ಬೇಡಿಕೊಂಡರು. ಮುಚ್ಚಿದ ಕಣ್ಣು ತೆರೆಯಲಿಲ್ಲ.

"ಒಮ್ಮೆ ಅಂದ್ರ ಒಮ್ಮೆ" ಎಂದರು ಕೊನೆಗೆ.

"ಮೊದಲ ಹನಿ ಹಾಕು. ನಾ ಮಾತಿಗೆ ತಪ್ಪಾಕಿ ಅಲ್ಲ" ಎಂದು ಅಕ್ಕ ಕಣ್ಣು ತೆರೆದರು.

ನಮ್ಮವರು ಬಿಳಿ ಬಟ್ಟೆ ಹಾಸಿದರು. ಬಟ್ಟೆಯ ಮೇಲೆ ಬಸ್ಸು ಎಲ್ಲಿ ಓಡುತ್ತದೆ, ತೆಗಿ ಅದನ್ನ, ಎಂದು ಅಕ್ಕ ತೆಗೆಸಿದರು. ಬರಿಗೈಯಲ್ಲಿ ಬಸ್ಸು ಇಸಿದುಕೊಂಡು ಮೆಲ್ಲಗೆ ಕೀಲಿ ತಿರುವಿದರು. ಕರ್ ಕರ್ ಎನ್ನುವ ಪ್ರತಿ ಸದ್ದಿಗೂ ನಮ್ಮವರ ಮುಖ ಹಿಂಡಿದಂತಾಗುತ್ತಿತ್ತು. ಅಕ್ಕ ಬಗ್ಗುವಂತಿಲ್ಲವಲ್ಲ, ಬಸ್ಸನ್ನು ನನಗೆ ಕೊಟ್ಟರು. ನಾನು ನೆಲಕ್ಕೆ ಬಿಟ್ಟೆ.

ಬಸ್ಸು ಒಂದು ಕ್ಷಣ ನಿಂತಲ್ಲೇ ನಡುಗಿ, ಆಮೇಲೆ ಹೊರಟಿತು. ಹೊರಟದ್ದು ನೆಟ್ಟಗಲ್ಲ. ಎಡಕ್ಕೆ ತಿರುಗಿ, ನೀರಿನ ಕೊಡ ಸುತ್ತಿ, ಸೀದಾ ದಿವಾನ ಮಂಚದ ಕೆಳಗೆ ನುಗ್ಗಿ ಗೋಡೆಗೆ ಠಣ್ ಎಂದು ಬಡಿಯಿತು.

"ಅಪ್ಪನ ಚಪ್ಪಲಿ ಗಾಲಿ ದೊಡ್ಡದಾಗೈತಿ. ಆವಾಗಲೂ ಎಡಕ್ಕ ಹೊಳ್ಳತಿತ್ತು" ಎಂದು ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. ನಗುವಿನಲ್ಲಿ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಅರವತ್ತು ದಾಟಿದ ನಮ್ಮವರು ಹೊಟ್ಟೆಯ ಮೇಲೆ ಮಲಗಿ ದಿವಾನದ ಕೆಳಗೆ ತೂರಿದರು. ಹೊರಗೆ ಕಾಲು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಣ್ಣ ಹೋಗಿರಬೇಕು, ದುಃಖಪಡುತ್ತಿದ್ದಾರೆ ಎಂದು ನಾನು ಸುಮ್ಮನಿದ್ದೆ. ಆದರೆ ಒಳಗಿನಿಂದ ಮತ್ತೆ ಕರ್ ಕರ್ ಸದ್ದು ಬಂತು. ಬಸ್ಸು ದಿವಾನದ ಕೆಳಗಿನಿಂದ ಓಡಿ ಬಂದು ಅಕ್ಕನ ಪಾದಕ್ಕೆ ತಾಗಿ ನಿಂತಿತು.

"ಮಸ್ಕಿ ಯಾರ್ರೀ ಇಳಿಯೋರು?" ದಿವಾನದ ಕೆಳಗಿನಿಂದ ಕಂಡಕ್ಟರನ ದನಿ ಕೇಳಿತು.

"ಲಿಂಗಸುಗೂರಿಗೆ ಹೋಗಬೇಕ್ರೀ. ಸೀಟ್ ಐತೇನು?" ಎಂದರು ಅಕ್ಕ.

ಆ ಮಧ್ಯಾಹ್ನ ಅಂಗಡಿ ಬೇಕರಿಯವನ ಕೈಯಲ್ಲೇ ಉಳಿಯಿತು. ತಮ್ಮ ನೆಲದಲ್ಲಿ, ಅಕ್ಕ ಕುರ್ಚಿಯಲ್ಲಿ. ಕೀಲಿ ಕೊಡುವುದು ಒಬ್ಬರು, ಹಿಡಿಯುವುದು ಇನ್ನೊಬ್ಬರು. ಗವಸು ಎಲ್ಲೋ ಬಿದ್ದಿತ್ತು. ಗುರುಗುಂಟಾದ ಹಳೆಯ ಮನೆಯಲ್ಲಿ ಬಸ್ಸು ಯಾವ ಹೊಸ್ತಿಲಿನಿಂದ ಯಾವ ಕಂಬದವರೆಗೆ ಓಡುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದರು, ಇವರು ಬಾಯಿ ತೆರೆದು ಕೇಳುತ್ತಿದ್ದರು. ಇವರು ಹುಟ್ಟಿದ ಹೊಸತರಲ್ಲಿ ಅಪ್ಪ ಹೇಗಿದ್ದರೆಂದು ಹೇಳಬಲ್ಲವರು ಆ ಮನೆಯವರಲ್ಲಿ ಅಕ್ಕ ಒಬ್ಬರೇ ಉಳಿದಿದ್ದರು. ನಾನು ಚಹಾ ಮಾಡಿಕೊಟ್ಟೆ. ಅಂದು ಚೇಷ್ಟೆ ಮಾಡಲಿಲ್ಲ.

ಡಾಕ್ಟರು ಕೊನೆಯ ಸಲ ಕಣ್ಣು ನೋಡಿ ಊರಿಗೆ ಹೋಗಬಹುದೆಂದ ದಿನ, ನಮ್ಮವರು ಅಂಗಡಿಯಿಂದ ಒಂದು ರಟ್ಟಿನ ಡಬ್ಬಿ ತಂದರು. ಒಳಗೆ ಹತ್ತಿ ಹಾಸಿ, ಬಸ್ಸನ್ನಿಟ್ಟು, ತೇವ ಹೀರುವ ಪೊಟ್ಟಣ ಇಟ್ಟು, ಮೇಲೆ ಮತ್ತೆ ಹತ್ತಿ ಹೊದಿಸಿ ಅಕ್ಕನ ಚೀಲದಲ್ಲಿ ಹಾಕಿದರು. ಕೊಡುತ್ತಾರೆಂದು ನಾನು ಎಣಿಸಿರಲಿಲ್ಲ.

"ಯಾಕೋ ತಮ್ಮಾ, ನಿನ್ನ ಹತ್ರಾನ ಇರಲಿ" ಎಂದರು ಅಕ್ಕ, ಚೀಲದ ಬಾಯಿ ಗಟ್ಟಿಯಾಗಿ ಕಟ್ಟುತ್ತಾ.

"ನಿನ್ನ ಬಸ್ ನಾ ಇಟಗೊಂಡು ಏನ್ ಮಾಡ್ಲಿ" ಎಂದು ಇವರು ಮುಖ ತಿರುಗಿಸಿದರು.

ಕೊಟ್ಟದ್ದೇನೋ ಆಯಿತು, ಜೀವ ನಿಲ್ಲಬೇಕಲ್ಲ. ತಿಂಗಳೂ ತುಂಬಿರಲಿಲ್ಲ, ಬಸ್ಸಿಗೆಂದೇ ಅಳತೆ ಕೊಟ್ಟು ಗಾಜಿನ ಪೆಟ್ಟಿಗೆ ಮಾಡಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಗುರುಗುಂಟಾಕ್ಕೆ ಹೊರಟರು. ಅಕ್ಕನ ಮನೆಯಲ್ಲಿ ಬಸ್ಸು ಬಿಸಿಲಿಗೆ ಕಟ್ಟೆಯ ಮೇಲೆ ನಿಂತಿತ್ತು. ಒಂದು ಕೋಳಿ ಅದರ ಕಿಟಕಿಯ ಪ್ರಯಾಣಿಕರನ್ನು ಕುಕ್ಕಿ ನೋಡುತ್ತಿತ್ತು. ತಗಡಿನ ಮೇಲೆ ಅರಿಶಿನದ ಬೆರಳ ಗುರುತು. ನಮ್ಮವರು ಕೋಳಿಯನ್ನು ಓಡಿಸಿ, ಜೇಬಿನಿಂದ ಕುಂಚ ತೆಗೆದು ಧೂಳು ಹೊಡೆದು, ಒಮ್ಮೆ ಕೀಲಿ ತಿರುವಿ ನೋಡಿದರು.

ಅಕ್ಕ ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ನೋಡಿ ಬಹಳ ಮೆಚ್ಚಿಕೊಂಡರು. ನಾವು ಹೊರಡುವ ಹೊತ್ತಿಗೆ ಅದರೊಳಗೆ ಸಂಡಿಗೆ, ಹಪ್ಪಳ ಜೋಡಿಸಿಟ್ಟಾಗಿತ್ತು. ಇರುವೆ ಬರುವುದಿಲ್ಲವಂತೆ.

ವಾಪಸು ಬರುವ ಬಸ್ಸಿನಲ್ಲಿ ಇವರು ಲಿಂಗಸುಗೂರು ದಾಟುವವರೆಗೆ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದು, ಆಮೇಲೆ ನನ್ನ ಕಡೆ ತಿರುಗಿದರು.

"ಸ್ಪ್ರಿಂಗ್ ಮೊದಲಿಗಿಂತ ಹಗುರಾಗೈತಿ, ನೋಡಿದೇನು? ದಿನಾ ಓಡಿಸಾಕತ್ಯಾಳ" ಎಂದರು.