ತಾತನ ಕತ್ತಿ, ನನ್ನ ಮೀಸೆ

ಅಪ್ಪ ತೀರಿಕೊಂಡ ದಿನಗಳ ಮಾತು ಬಂದರೆ ನಮ್ಮ ಸೋದರತ್ತೆಯದು ಇವತ್ತಿಗೂ ಒಂದೇ ರಾಗ: "ಅಪ್ಪ ಬದುಕಿರೋವಾಗ್ಲೇ ಇವ್ನು ಮೀಸೆ ಬೋಳಿಸ್ಕೊಂಡ. ಮೂರನೇ ದಿನಕ್ಕೆ ನಮ್ಮಣ್ಣ ಹೊರಟೋದ."

ತಂದೆ ಇರುವ ಮಗ ಮೀಸೆ ತೆಗೆಯಬಾರದು ಎಂಬುದು ನಮ್ಮಲ್ಲಿನ ಕಟ್ಟಳೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೇ ಬೇರೆ: ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಅತ್ತೆಯ ಬಾಯಿ ಮುಚ್ಚಿಸಲು ಇಷ್ಟು ಸಾಕು. ಆದರೆ ಅವರ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದಿದೆ. ನನ್ನ ಮೀಸೆ ಬೋಳಿಸಿದ್ದು ನಾನಲ್ಲ.

ಹತ್ತನೇ ಕ್ಲಾಸು ಮುಗಿದ ಬೇಸಿಗೆ. ಚಾಮರಾಜಪುರಂ ಮನೆಯ ಹಿತ್ತಲಲ್ಲಿ, ಕಿಟಕಿಯ ಸರಳಿಗೆ ಕನ್ನಡಿ ಕಟ್ಟಿ, ಅಪ್ಪ ತಾತನ ಮಡಚುವ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದರು. ಸೋಪಿನ ನೊರೆ, ಕರಿಬೇವಿನ ವಾಸನೆ.

"ಅಂಗಡೀಲಿ ಸಿಗೋ ರೇಜರ್ ಆಗಲ್ವಾ ಅಪ್ಪ?"

"ಕತ್ತಿ ಹತ್ರ ನಿನ್ ವಾದ ನಡಿಯಲ್ಲ ಕಣೋ. ಗದ್ದ ಎತ್ತು."

ಹಿಂದೆ ನಿಂತು ನನ್ನ ಮುಂಗೈ ಹಿಡಿದರು. ಚರ್ಮ ಬಿಗಿಯಾಗಿ ಎಳಿ, ಕತ್ತಿ ಓರೆಯಾಗಿರಲಿ, ಕೂದಲು ಬೆಳೆದ ಕಡೆಗೇ ಇಳಿಸು. ಕರ್, ಕರ್. ಒಂದು ಕೆನ್ನೆ ಮುಗಿಯಿತು, ಇನ್ನೊಂದು ಮುಗಿಯಿತು. ಕತ್ತಿ ತುಟಿಯ ಮೇಲಕ್ಕೆ ಬಂತು.

"ಅಪ್ಪ, ಮೀಸೆ!"

ಅವರು ಕೈ ಬಿಡಲಿಲ್ಲ. ಬಿಸಿಲಲ್ಲೂ ಆ ಬೆರಳುಗಳು ತಣ್ಣಗಿದ್ದವು. ಕನ್ನಡಿಯಲ್ಲಿ ಅವರು ನನ್ನನ್ನು ನೋಡುತ್ತಿರಲಿಲ್ಲ. ತಮ್ಮದೇ ಮುಖವನ್ನು, ಗುರುತು ಹತ್ತದವರ ಹಾಗೆ, ನೋಡುತ್ತಿದ್ದರು. ಎರಡು ಎಳೆತ. ಎಳೆಮೀಸೆ ನೊರೆಯ ಜೊತೆ ಹೋಯಿತು.

ಪಟಿಕದ ತುಂಡನ್ನು ಉರಿಯುವಂತೆ ಒತ್ತುತ್ತಾ ಹೇಳಿದರು: "ನಮ್ಮಪ್ಪ ಹೋದ ದಿನ ನನ್ ಮೀಸೆ ತೆಗ್ದಿದ್ದೂ ಇದೇ ಕತ್ತೀಲಿ. ಯಾರಾದ್ರೂ ಕೇಳಿದ್ರೆ ಕೈ ಜಾರ್ತು ಅನ್ನು."

ಹಾಗೇ ಅಂದೆ. ಅತ್ತೆಯ ಕಥೆ ಹುಟ್ಟಿದ್ದು ನನ್ನ ಬಾಯಿಂದಲೇ.

ಮೂರನೇ ದಿನ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ, ಅಪ್ಪನ ಎದೆಬಡಿತ ನಿಂತಿತು. ಸ್ಮಶಾನದಲ್ಲಿ ಕ್ಷೌರದವರು ನನ್ನ ಗದ್ದ ಎತ್ತಿದರು. ಅವರ ಕೈ ಅಲ್ಲೇ ನಿಂತಿತು.

"ಇಲ್ಲೇನೂ ಉಳ್ದಿಲ್ವಲ್ಲ ಮಗಾ. ಯಾರೋ ಆಗ್ಲೇ ಮುಗಿಸ್ಬುಟ್ಟವ್ರೆ."

ಈಗ ಅದೇ ಕನ್ನಡಿ, ಪ್ಲಾಸ್ಟಿಕ್ ರೇಜರ್. ಎರಡು ನಿಮಿಷದ ಕೆಲಸ. ಪಟಿಕದ ಉರಿಯಿಲ್ಲ, ಮುಂಗೈ ಹಿಡಿಯುವವರಿಲ್ಲ, ನನ್ನ ವಾದವನ್ನು ಅರ್ಧಕ್ಕೇ ತಡೆಯುವವರೂ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೆದುರು ಸಾಧಿಸುವ ನಾನು, ಇಂದಿಗೂ ಮೀಸೆಯ ಹತ್ತಿರ ರೇಜರ್ ಒಯ್ದಿಲ್ಲ.

ಅಪ್ಪ, ನಿಜ ಹೇಳಿ. ಅವತ್ತು ನಿಮಗೆ ಗೊತ್ತಿತ್ತಾ?